ಸಹಿ ಹಾಕುವ ಮೊದಲು ಅಮ್ಮಂದಿರು ಕೇಳುವ ಪ್ರಶ್ನೆಗಳು

ಮಗಳಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಬೇಡ ಎನ್ನುವ ಅಮ್ಮಂದಿರಲ್ಲಿ ಹೆಚ್ಚಿನವರಿಗೆ ಲಸಿಕೆಯ ಮೇಲೆ ಸಿಟ್ಟೇನೂ ಇಲ್ಲ. ಪೋಲಿಯೊ ಭಾನುವಾರ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೂತ್‌ಗೆ ಹೋದವರು ಇವರೇ. ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ರೇಷನ್ ಕಾರ್ಡಿನ ಜೊತೆ ಜೋಪಾನವಾಗಿ ಇಟ್ಟವರು ಇವರೇ. ಕೋವಿಡ್ ಸಮಯದಲ್ಲಿ ಬೆಳಗ್ಗೆ ಎದ್ದ ಕೂಡಲೇ ಹೋಗಿ ಕ್ಯೂ ನಿಂತವರೂ ಇವರೇ. ಈ ಒಂದು ಲಸಿಕೆಯ ವಿಷಯದಲ್ಲಿ ಮಾತ್ರ ಯಾರೂ ಅವರ ಜೊತೆ ಕೂತು ಮಾತಾಡಿಲ್ಲ. ಮಾತಾಡಿದರೆ ಹಾಕಿಸುತ್ತಾರೆ. ಇದನ್ನು ಕಣ್ಣಾರೆ ನೋಡಿಯೇ ಹೇಳುತ್ತಿದ್ದೇನೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವಳು. ಈಗ ಬೆಂಗಳೂರಿನ ಲಗ್ಗೆರೆ, ಸುಂಕದಕಟ್ಟೆ, ಪೀಣ್ಯದ ಸುತ್ತಮುತ್ತ ಹೆಂಗಸರ ಆರೋಗ್ಯದ ಬಗ್ಗೆ ಮಾತಾಡುವ ಒಂದು ಸಣ್ಣ ಗುಂಪಿನ ಜೊತೆ ಓಡಾಡುತ್ತೇನೆ. ಇಲ್ಲಿ ಮನೆಗೊಬ್ಬರಾದರೂ ಗಾರ್ಮೆಂಟ್ಸ್‌ಗೆ ಹೋಗುವವರು. ಬೆಳಗ್ಗೆ ಒಂಬತ್ತಕ್ಕೆ ಮಷಿನ್ ಮುಂದೆ ಕೂತರೆ ಸಂಜೆ ಐದೂವರೆ ಆರರವರೆಗೆ ತಲೆ ಎತ್ತುವ ಹಾಗಿಲ್ಲ. ಮಧ್ಯಾಹ್ನ ಎರಡಕ್ಕೆ ಶಾಲೆಯಲ್ಲಿ ಪೋಷಕರ ಸಭೆ ಇಟ್ಟು, ಯಾರೂ ಬರಲಿಲ್ಲ, ಇವರಿಗೆ ಆಸಕ್ತಿ ಇಲ್ಲ ಅಂತ ಬರೆದುಕೊಳ್ಳುವುದು ಅನ್ಯಾಯ. ಅರ್ಧ ದಿನದ ಸಂಬಳ ಕಳೆದುಕೊಂಡು ಯಾರು ಬರುತ್ತಾರೆ ಹೇಳಿ?

ಮೊದಲು ಕಾಯಿಲೆಯ ವಿಷಯ ಹೇಳಿಬಿಡುತ್ತೇನೆ. ಗರ್ಭಕೋಶದ ಬಾಯಿಗೆ ಬರುವ ಕ್ಯಾನ್ಸರ್ ಇದು, ಗರ್ಭಕಂಠದ ಕ್ಯಾನ್ಸರ್ ಅಂತ ಆಸ್ಪತ್ರೆಗಳಲ್ಲಿ ಹೇಳುತ್ತಾರೆ. ನಮ್ಮ ದೇಶದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಇದೇ ಜಾಸ್ತಿ. 2022ರ ಅಂದಾಜಿನ ಪ್ರಕಾರ ಆ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 1.27 ಲಕ್ಷ ಹೆಂಗಸರಿಗೆ ಇದು ಹೊಸದಾಗಿ ಬಂದಿದೆ, ಸುಮಾರು 80 ಸಾವಿರ ಮಂದಿ ತೀರಿಕೊಂಡಿದ್ದಾರೆ. ಇದರಲ್ಲಿ ನನಗೆ ಸಹಿಸಲಾಗದ ಸಂಗತಿ ಏನೆಂದರೆ, ಇದು ಯಾಕೆ ಬರುತ್ತದೆ ಅಂತ ನಮಗೆ ಗೊತ್ತು. ಹೆಚ್ಚುಕಡಿಮೆ ಎಲ್ಲ ಪ್ರಕರಣಗಳ ಹಿಂದೆಯೂ ಇರುವುದು ಒಂದೇ ಜಾತಿಯ ವೈರಸ್, ಎಚ್‌ಪಿವಿ. ಜರ್ಮನಿಯ ವಿಜ್ಞಾನಿ ಹರಾಲ್ಡ್ ತ್ಸುರ್ ಹೌಸನ್ ಅದನ್ನು ಕಂಡುಹಿಡಿದು 2008ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಆ ವೈರಸ್‌ಗೆ 2006ರಿಂದ ಲಸಿಕೆ ಇದೆ. ಕಾರಣ ಗೊತ್ತಿದ್ದು, ತಡೆಯುವ ದಾರಿಯೂ ಗೊತ್ತಿದ್ದು ವರ್ಷಕ್ಕೆ ಇಷ್ಟೊಂದು ಹೆಂಗಸರು ಸಾಯುತ್ತಾರೆ ಅಂದರೆ ಏನರ್ಥ?

ಬೆಂಗಳೂರಿನಲ್ಲಿ ಕ್ಯಾನ್ಸರ್ ಲೆಕ್ಕವನ್ನು ಕಿದ್ವಾಯಿ ಸಂಸ್ಥೆಯವರು 1980ರ ದಶಕದ ಶುರುವಿನಿಂದಲೂ ಇಡುತ್ತಾ ಬಂದಿದ್ದಾರೆ. ಆಗ ಹೆಂಗಸರಲ್ಲಿ ಮೊದಲ ಸ್ಥಾನದಲ್ಲಿದ್ದದ್ದು ಗರ್ಭಕಂಠದ ಕ್ಯಾನ್ಸರ್. ಈಗ ಸ್ತನ ಕ್ಯಾನ್ಸರ್ ಮುಂದೆ ಬಂದಿದೆ, ಇದು ಇಳಿದಿದೆ. ಮದುವೆಯ ವಯಸ್ಸು ಏರಿದ್ದು, ಹೆರಿಗೆಗಳು ಕಡಿಮೆಯಾದದ್ದು, ಮನೆಗೆ ನೀರು ಬಂದದ್ದು, ಎಲ್ಲ ಸೇರಿ ಇಳಿದಿರಬಹುದು. ಹಾಗಾದರೆ ಲಸಿಕೆ ಯಾಕೆ ಬೇಕು ಅಂತ ಓದಿಕೊಂಡ ಒಬ್ಬ ಅಪ್ಪ ನನ್ನನ್ನು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಇಳಿದಿದೆ ಅನ್ನುವುದು ನಿಜ, ಹೋಗಿಲ್ಲ ಅನ್ನುವುದೂ ನಿಜ. ಬಂದವರಲ್ಲಿ ತುಂಬಾ ಜನ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕಾಯಿಲೆ ಬಲಿತಿರುತ್ತದೆ. ತಾನಾಗಿ ಇನ್ನಷ್ಟು ಇಳಿಯಲಿ ಅಂತ ಕಾಯುವುದಕ್ಕೂ, ಕೈಯಲ್ಲಿರುವ ಲಸಿಕೆ ಹಾಕಿಸುವುದಕ್ಕೂ ನಡುವೆ ಎಷ್ಟೋ ಜೀವಗಳು ಇವೆ.

ಇನ್ನು ಸಹಿ ಹಾಕಬೇಕಾದ ಚೀಟಿಯ ವಿಷಯಕ್ಕೆ ಬರುತ್ತೇನೆ. ಒಂದು ಶಾಲೆಯಿಂದ ಮಕ್ಕಳ ಕೈಗೆ ಒಪ್ಪಿಗೆ ಚೀಟಿ ಕೊಟ್ಟು ಕಳಿಸಿದ್ದರು. ಅರ್ಧ ಹಾಳೆ, ಮಸುಕಾದ ಜೆರಾಕ್ಸ್, ಪೂರ್ತಿ ಇಂಗ್ಲಿಷ್. ಕೆಳಗೆ ಚುಕ್ಕಿ ಗೆರೆ, ನಾಳೆಯೊಳಗೆ ಸಹಿ ಹಾಕಿ ಕಳಿಸಿ ಅಂತ ಒಂದು ಸಾಲು. ಏಳನೇ ಕ್ಲಾಸಿನ ಹುಡುಗಿ ಅದನ್ನು ಮಡಚಿ ಜಾಮಿಟ್ರಿ ಬಾಕ್ಸಿನಲ್ಲಿ ಇಟ್ಟುಕೊಂಡು ಬಂದಿದ್ದಾಳೆ. ರಾತ್ರಿ ಅಮ್ಮ ಚಪಾತಿ ಲಟ್ಟಿಸುತ್ತಿರುವಾಗ ಓದಿ ಹೇಳಿದ್ದಾಳೆ. ಉದ್ದದ ಪದಗಳಲ್ಲಿ ತಡವರಿಸಿ ಕೊನೆಗೆ, "ಕ್ಯಾನ್ಸರ್ ಇಂಜೆಕ್ಷನ್ ಅಂತೆ ಅಮ್ಮ, ನಮ್ಮ ಕ್ಲಾಸಿನ ಹುಡುಗೀರಿಗೆಲ್ಲ ಕೊಡ್ತಾರಂತೆ" ಅಂದಿದ್ದಾಳೆ. ಆ ತಾಯಿಗೆ ಎದೆ ಧಸಕ್ ಅಂದಿದೆ. ನನ್ನ ಮಗಳಿಗೆ ಕ್ಯಾನ್ಸರ್ ಇದೆಯಾ? ಶಾಲೆಯಲ್ಲಿ ರಕ್ತ ಪರೀಕ್ಷೆ ಮಾಡಿ ನಮಗೆ ಹೇಳಿಲ್ವಾ? ಪಕ್ಕದ ಮನೆಯವರನ್ನು ಕೇಳಿದರೆ ಅವರು ಫೋನಿನಲ್ಲಿ ಒಂದು ವಿಡಿಯೊ ತೋರಿಸಿದ್ದಾರೆ, ಇದು ಹಾಕಿಸಿದರೆ ಮಕ್ಕಳಾಗಲ್ಲ ಅಂತ. ಸಹಿ ಹಾಕಲಿಲ್ಲ. ನಾನಾಗಿದ್ದರೂ ಹಾಕುತ್ತಿರಲಿಲ್ಲ.

ಅದೇ ತಾಯಿ ಆಮೇಲೆ ನಮ್ಮ ಸಭೆಗೆ ಬಂದರು. ಅವರು ಕೇಳಿದ ಪ್ರಶ್ನೆಗಳೆಲ್ಲ ಸರಿಯಾಗಿಯೇ ಇದ್ದವು. ಉತ್ತರ ಹೇಳಲು ಪೂರ್ತಿ ಒಂದು ಗಂಟೆ ಬೇಕಾಯಿತು. ಆರೋಗ್ಯ ಶಿಕ್ಷಣ ಅಂತ ಏನು ಕರೆಯುತ್ತೇವೋ ಅದು ನನ್ನ ಮಟ್ಟಿಗೆ ಆ ಒಂದು ಗಂಟೆಯೇ. ಬ್ಯಾನರ್, ಪಾಂಪ್ಲೆಟ್, ಮೈಕು ಇವೆಲ್ಲ ಅದರ ಮುಂದೆ ಪಕ್ಕಕ್ಕೆ ಇಡಬಹುದಾದ ಸಾಮಾನು.

ನಮಗೆ ಸಭೆ ನಡೆಸಲು ಸಿಕ್ಕ ಒಳ್ಳೆಯ ಜಾಗ ಶಾಲೆಯಲ್ಲ, ಹೆಂಗಸರ ಸಂಘ. ವಾರಕ್ಕೊಮ್ಮೆ ಸಂಜೆ ಯಾರದಾದರೂ ಮನೆಯ ಮುಂದೆ ಚಾಪೆ ಹಾಕಿ ಕೂರುತ್ತಾರೆ. ಉಳಿತಾಯದ ದುಡ್ಡು ಎಣಿಸುತ್ತಾರೆ, ರಿಜಿಸ್ಟರಿನಲ್ಲಿ ಬರೆಯುತ್ತಾರೆ, ಸಾಲ ಯಾರಿಗೆ ಅಂತ ಚರ್ಚೆ ನಡೆಯುತ್ತದೆ. ಲೆಕ್ಕ ಮುಗಿಯುವವರೆಗೂ ನಾವು ಬಾಯಿ ಬಿಡುವುದಿಲ್ಲ. ಹತ್ತು ರೂಪಾಯಿ ತಾಳೆಯಾಗದಿದ್ದರೆ ಗರ್ಭಕೋಶದ ಮಾತು ಯಾರ ತಲೆಗೂ ಹೋಗದು, ಅದು ಸರಿಯೇ. ಲೆಕ್ಕ ಮುಗಿದು ಟೀ ಬಂದ ಮೇಲೆ ಆಶಾ ಅಕ್ಕ ಶುರು ಮಾಡುತ್ತಾರೆ. ಅವರು ಆ ಬೀದಿಯವರೇ ಆದ ಆಶಾ ಕಾರ್ಯಕರ್ತೆ. ಅಲ್ಲಿ ಕೂತಿರುವ ಅರ್ಧ ಜನರ ಹೆರಿಗೆಗೆ ಆಸ್ಪತ್ರೆವರೆಗೂ ಜೊತೆಗೆ ಹೋದವರು. ದುಡ್ಡಿನ ವಿಷಯದಲ್ಲಿ ಒಬ್ಬರನ್ನೊಬ್ಬರು ನಂಬಿದ ಹೆಂಗಸರ ನಡುವೆ, ಹೆರಿಗೆಯಲ್ಲಿ ಕೈ ಹಿಡಿದ ಹೆಂಗಸು ಹೇಳಿದ ಮಾತಿಗೆ ಇರುವ ತೂಕ ನನ್ನ ಬಿಎಸ್ಸಿಗೆ ಎಲ್ಲಿಂದ ಬರಬೇಕು? ಆಮೇಲಿನ ಕಷ್ಟದ ಪ್ರಶ್ನೆಗಳಿಗೆ ಮಾತ್ರ ನಾನು, ಮತ್ತೆ ಬಿಡುವಿದ್ದರೆ ಬರುವ ಆರೋಗ್ಯ ಕೇಂದ್ರದ ಡಾಕ್ಟರಮ್ಮ.

ಎಲ್ಲ ಕಡೆ ಬರುವ ಮೊದಲ ಪ್ರಶ್ನೆ, "ಇಷ್ಟು ಚಿಕ್ಕ ಮಗೂಗೆ ಯಾಕೆ ಮೇಡಂ? ಮದುವೆ ಗೊತ್ತಾದ್ಮೇಲೆ ಹಾಕಿಸಿದ್ರೆ ಆಗಲ್ವಾ?"

ಈ ಪ್ರಶ್ನೆಯಲ್ಲಿ ಮುಜುಗರ ಇದೆ. ಕೇಳುವವರಿಗೂ, ಹೇಳುವವರಿಗೂ. ಎಚ್‌ಪಿವಿ ಹರಡುವುದು ಗಂಡು ಹೆಣ್ಣಿನ ದೈಹಿಕ ಸಂಬಂಧದಿಂದ, ಚರ್ಮಕ್ಕೆ ಚರ್ಮ ತಾಗುವುದರಿಂದ. ಇದನ್ನು ಮುಚ್ಚಿಟ್ಟು ಬರೀ ಕ್ಯಾನ್ಸರ್ ಲಸಿಕೆ ಅಂತ ಹೇಳಿ ಮುಗಿಸಿ ಅಂತ ಕೆಲವರು ಸಲಹೆ ಕೊಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ನಾಳೆ ಯಾರೋ ಫೋನಿನಲ್ಲಿ ಅದನ್ನೇ ದೊಡ್ಡ ಗುಟ್ಟಿನ ಹಾಗೆ ತೋರಿಸಿದರೆ ನಾವು ಹೇಳಿದ ಉಳಿದ ಎಲ್ಲ ಮಾತೂ ಸುಳ್ಳು ಅನಿಸುತ್ತದೆ. ಅದಕ್ಕೇ ನೇರವಾಗಿ ಹೇಳುತ್ತೇವೆ. ಮದುವೆಯಾದ ಹೆಚ್ಚುಕಡಿಮೆ ಎಲ್ಲ ಗಂಡಸರಿಗೂ ಹೆಂಗಸರಿಗೂ ಜೀವನದಲ್ಲಿ ಒಮ್ಮೆಯಾದರೂ ಈ ವೈರಸ್ ತಾಗುತ್ತದೆ. ಹತ್ತರಲ್ಲಿ ಒಂಬತ್ತು ಸಲ ಎರಡು ವರ್ಷದೊಳಗೆ ದೇಹವೇ ಅದನ್ನು ಓಡಿಸುತ್ತದೆ, ಬಂದದ್ದೂ ಹೋದದ್ದೂ ಗೊತ್ತಾಗದು. ಕೆಲವರಲ್ಲಿ ಮಾತ್ರ ಹೋಗದೆ ಕೂತುಬಿಡುತ್ತದೆ. ಕೂತದ್ದು ಹದಿನೈದು ಇಪ್ಪತ್ತು ವರ್ಷದಲ್ಲಿ ಕ್ಯಾನ್ಸರ್ ಆಗಬಹುದು. ಒಳಗೆ ಬಂದು ಕೂತ ವೈರಸ್ಸನ್ನು ಲಸಿಕೆ ಓಡಿಸುವುದಿಲ್ಲ, ಬರುವ ಮೊದಲು ಬಾಗಿಲು ಹಾಕುತ್ತದೆ ಅಷ್ಟೇ. ಅದಕ್ಕೆ 9ರಿಂದ 14ರ ವಯಸ್ಸು. ಆ ವಯಸ್ಸಿನಲ್ಲಿ ದೇಹ ಲಸಿಕೆಗೆ ಚೆನ್ನಾಗಿ ಸ್ಪಂದಿಸುತ್ತದೆ ಅನ್ನುವುದೂ ಇನ್ನೊಂದು ಕಾರಣ. ದಡಾರದ ಸೂಜಿಯನ್ನು ದಡಾರ ಬರುವ ಮೊದಲೇ ಹಾಕಿಸಿದ್ದಿರಿ ಅಲ್ವಾ ಅಂದರೆ ತಲೆ ಆಡಿಸುತ್ತಾರೆ.

ಇಲ್ಲೇ ಇನ್ನೊಂದು ಮಾತು ಹೇಳಲೇಬೇಕು, ಹೇಳದೆ ಎದ್ದು ಬಂದರೆ ದೊಡ್ಡ ಅನ್ಯಾಯ ಮಾಡಿದ ಹಾಗೆ. ಗರ್ಭಕಂಠದ ಕ್ಯಾನ್ಸರ್ ನಡತೆಯ ಕಾಯಿಲೆಯಲ್ಲ. ಜೀವನಪೂರ್ತಿ ಒಬ್ಬನೇ ಗಂಡನ ಜೊತೆ ಬಾಳಿದವರಿಗೂ ಬರುತ್ತದೆ. ವೈರಸ್ ಹರಡುವ ಬಗೆಯನ್ನು ಅರ್ಧಂಬರ್ಧ ಹೇಳಿ ನಿಲ್ಲಿಸಿದರೆ, ಆ ಬೀದಿಯಲ್ಲಿ ಈಗಾಗಲೇ ಈ ಕಾಯಿಲೆ ಬಂದ ಹೆಂಗಸಿನ ಕಡೆ ನಾಲ್ಕು ಕಣ್ಣು ತಿರುಗುತ್ತವೆ. ನಾನು ಅದನ್ನು ನೋಡಿದ್ದೇನೆ. ಕೀಮೋ ಮುಗಿಸಿ ಬಂದು ಬಾಗಿಲ ಬಳಿ ಕೂತ ಹೆಂಗಸು ತಲೆ ತಗ್ಗಿಸಿದ್ದನ್ನು ನೋಡಿದ ಮೇಲೆ, ಈ ಮಾತನ್ನು ಪ್ರತಿ ಸಭೆಯಲ್ಲೂ ತಪ್ಪದೆ ಹೇಳುತ್ತೇವೆ.

ಅಜ್ಜಿಯರ ಪ್ರಶ್ನೆ ಒಂದೇ, "ನಾಳೆ ಮಕ್ಕಳಾಗ್ತವಾ?" ಮನೆಯಲ್ಲಿ ಅಜ್ಜಿ ಬೇಡ ಅಂದರೆ ಮುಗಿಯಿತು. ಅವರನ್ನು ಸಭೆಗೆ ಕರೆಯದೆ ಅಮ್ಮಂದಿರನ್ನು ಮಾತ್ರ ಒಪ್ಪಿಸಿ ಬಂದರೆ ಆ ಒಪ್ಪಿಗೆ ಮನೆಯ ಹೊಸ್ತಿಲು ದಾಟುವುದಿಲ್ಲ. ಬಂಜೆತನದ ಭಯ ಈ ಲಸಿಕೆಗೆ ಮಾತ್ರ ಬಂದದ್ದೂ ಅಲ್ಲ. 2017ರ ಫೆಬ್ರವರಿಯಲ್ಲಿ ದಡಾರ ರುಬೆಲ್ಲಾ ಲಸಿಕೆ ಅಭಿಯಾನ ಶುರುವಾದಾಗ ಕರ್ನಾಟಕವೂ ಮೊದಲ ಹಂತದ ರಾಜ್ಯಗಳಲ್ಲಿ ಒಂದು. ಆಗಲೂ ವಾಟ್ಸಾಪಿನಲ್ಲಿ ಇದೇ ಕಥೆ ಹರಿದಾಡಿತ್ತು. ಆಗ ಲಸಿಕೆ ಹಾಕಿಸಿಕೊಂಡ ಎಷ್ಟೋ ಹುಡುಗಿಯರು ಈಗ ತಾಯಂದಿರಾಗಿದ್ದಾರೆ. ಎಚ್‌ಪಿವಿ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ, ಅದರ ಹೊರ ಹೊದಿಕೆಯ ಪ್ರೋಟೀನ್ ಮಾತ್ರ ಇದೆ. 2017ರ ಹೊತ್ತಿಗೇ ಜಗತ್ತಿನಲ್ಲಿ 27 ಕೋಟಿಗೂ ಹೆಚ್ಚು ಡೋಸ್ ಹಂಚಿಕೆಯಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷತಾ ಸಮಿತಿ ಮತ್ತೆ ಮತ್ತೆ ಪರಿಶೀಲಿಸಿದೆ. ಬಂಜೆತನಕ್ಕೂ ಇದಕ್ಕೂ ಸಂಬಂಧ ಕಂಡಿಲ್ಲ. ಅಜ್ಜಿಗೆ ಈ ಅಂಕಿ ಹೇಳಿದರೆ ಏನೂ ಆಗದು, ನಿಜ. ಆಶಾ ಅಕ್ಕ ತಮ್ಮ ಸ್ವಂತ ಮಗಳಿಗೆ ಹಾಕಿಸಿದ್ದೇನೆ ಅಂದಾಗ ಅಜ್ಜಿ ಅವರ ಮುಖ ನೋಡುತ್ತಾರೆ, ಆಮೇಲೆ ಸೊಸೆಯ ಮುಖ ನೋಡುತ್ತಾರೆ.

ಇನ್ನು ಸ್ವಲ್ಪ ಓದಿಕೊಂಡವರು, ಯಾವುದೋ ಹಳೆಯ ಸುದ್ದಿ ನೆನಪಿರುವವರು, ಆಂಧ್ರದ ಕಥೆ ತೆಗೆಯುತ್ತಾರೆ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಯಾಕೆಂದರೆ ಇದನ್ನು ಮರೆಮಾಚುವುದೇ ಜಾಣತನ ಅಂತ ಆರೋಗ್ಯ ಕ್ಷೇತ್ರದ ತುಂಬಾ ಜನ ಅಂದುಕೊಂಡಿದ್ದಾರೆ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ, ಗುಜರಾತಿನ ವಡೋದರದಲ್ಲಿ ಪಾಥ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ, ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್ ಮತ್ತು ಆ ರಾಜ್ಯ ಸರ್ಕಾರಗಳು ಸೇರಿ 10ರಿಂದ 14 ವರ್ಷದ ಸಾವಿರಾರು ಹುಡುಗಿಯರಿಗೆ ಈ ಲಸಿಕೆ ಹಾಕುವ ಯೋಜನೆ ನಡೆಸಿದವು. ನಂತರದ ತಿಂಗಳುಗಳಲ್ಲಿ ಅವರಲ್ಲಿ ಏಳು ಹುಡುಗಿಯರು ತೀರಿಕೊಂಡ ವಿಷಯ ಹೊರಬಂತು. 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು. ವಿಚಾರಣೆ ನಡೆಸಿದ ಸಮಿತಿ, ಆ ಸಾವುಗಳಿಗೆ ಲಸಿಕೆ ಕಾರಣವಿರಲಾರದು ಅಂತ ಹೇಳಿತು. ಸತ್ತವರಲ್ಲಿ ನೀರಿಗೆ ಬಿದ್ದು ಸತ್ತವಳು, ಹಾವು ಕಚ್ಚಿ ಸತ್ತವಳು, ವಿಷ ಕುಡಿದವಳು ಇದ್ದರು. ಆದರೆ ಅದೇ ವಿಚಾರಣೆಯಲ್ಲಿ ಇನ್ನೊಂದು ಸಂಗತಿ ಬಯಲಾಯಿತು. ಹಾಸ್ಟೆಲುಗಳಲ್ಲಿದ್ದ ಬಡ, ಆದಿವಾಸಿ ಹುಡುಗಿಯರ ಒಪ್ಪಿಗೆ ಪತ್ರಗಳಿಗೆ ಅಪ್ಪ ಅಮ್ಮನ ಬದಲು ವಾರ್ಡನ್‌ಗಳು ಸಹಿ ಹಾಕಿದ್ದರು. 2013ರಲ್ಲಿ ಸಂಸದೀಯ ಸಮಿತಿ ಇಡೀ ಯೋಜನೆ ನಡೆದ ರೀತಿಯನ್ನು ಕಟುವಾಗಿ ಖಂಡಿಸಿತು.

ಲಸಿಕೆ ಸರಿಯಿತ್ತು, ಅದನ್ನು ಕೊಟ್ಟ ರೀತಿ ತಪ್ಪಿತ್ತು. ಎರಡನ್ನೂ ಒಟ್ಟಿಗೆ ಹೇಳಬೇಕು. ಬರೀ ಮೊದಲನೆಯದನ್ನು ಹೇಳಿದರೆ ಬಡವರ ಮಕ್ಕಳನ್ನು ಕೇಳದೆ ಬಳಸಿಕೊಂಡರು ಎಂಬ ಸಿಟ್ಟಿಗೆ ಉತ್ತರವೇ ಇರುವುದಿಲ್ಲ. ಆ ಸಿಟ್ಟು ನ್ಯಾಯವಾದದ್ದು. ಕೇಳಿ, ತಿಳಿಸಿ, ಒಪ್ಪಿಗೆ ಪಡೆದು ಹಾಕಿದ್ದರೆ ಅಷ್ಟು ವರ್ಷ ಈ ಲಸಿಕೆಯ ಮಾತೇ ಎತ್ತಲಾಗದ ಸ್ಥಿತಿ ನಮ್ಮ ದೇಶಕ್ಕೆ ಬರುತ್ತಿರಲಿಲ್ಲ ಅಂತ ನನಗೆ ಬಲವಾಗಿ ಅನಿಸುತ್ತದೆ. ಆ ವರ್ಷಗಳಲ್ಲಿ ಲಸಿಕೆ ಸಿಗಬೇಕಿದ್ದ ವಯಸ್ಸಿನಲ್ಲಿದ್ದ ಹುಡುಗಿಯರು ಈಗ ಮದುವೆಯಾಗಿ ಮಕ್ಕಳಿರುವವರು. ಅವರಲ್ಲಿ ಹಲವರು ನಮ್ಮ ಸಭೆಗಳಲ್ಲಿ ಚಾಪೆಯ ಮೇಲೆ ಕೂತಿರುತ್ತಾರೆ.

ಅದೇ 2010ರ ನಿಲುಗಡೆಯಿಂದ ಯಾರೂ ನಿರೀಕ್ಷಿಸದ ಒಂದು ತಿಳಿವಳಿಕೆಯೂ ಬಂತು. ಆಗ ಭಾರತದಲ್ಲೇ ಬೇರೊಂದು ದೊಡ್ಡ ಅಧ್ಯಯನ ನಡೆಯುತ್ತಿತ್ತು. ಮೂರು ಡೋಸ್ ಬೇಕಾ ಎರಡು ಸಾಕಾ ಅಂತ ನೋಡುವ ಅಧ್ಯಯನ ಅದು. ಸರ್ಕಾರ ಎಲ್ಲ ಎಚ್‌ಪಿವಿ ಲಸಿಕೆ ಅಧ್ಯಯನಗಳನ್ನೂ ನಿಲ್ಲಿಸಿದ್ದರಿಂದ ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ಅವರನ್ನು ಹತ್ತು ವರ್ಷ ಗಮನಿಸಿದರು. ಕ್ಯಾನ್ಸರ್‌ಗೆ ಮುಖ್ಯ ಕಾರಣವಾದ 16 ಮತ್ತು 18ನೇ ಬಗೆಯ ವೈರಸ್ ಕೂತುಬಿಡದಂತೆ ತಡೆಯುವುದರಲ್ಲಿ ಒಂದೇ ಡೋಸ್ ಕೂಡ ಶೇ 95ರಷ್ಟು ಕೆಲಸ ಮಾಡಿತ್ತು. 2022ರ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ 9ರಿಂದ 20 ವರ್ಷದವರಿಗೆ ಒಂದು ಡೋಸ್ ಅಥವಾ ಎರಡು ಡೋಸ್ ಕೊಡಬಹುದು ಅಂತ ಹೇಳಿದ್ದಕ್ಕೆ ಇಂಥ ಅಧ್ಯಯನಗಳೇ ಆಧಾರ. ಖಾಸಗಿ ಡಾಕ್ಟರುಗಳು ಸಾಮಾನ್ಯವಾಗಿ 15ರೊಳಗೆ ಎರಡು, ಆಮೇಲೆ ಮೂರು ಡೋಸ್ ಹೇಳುತ್ತಾರೆ. ಎರಡು ಕಡೆ ಎರಡು ಲೆಕ್ಕ ಕೇಳಿ ಅಮ್ಮಂದಿರು ಗಾಬರಿಯಾಗುವುದು ಸಹಜ, ಅದಕ್ಕೇ ಈ ಕಥೆಯನ್ನು ಪೂರ್ತಿ ಹೇಳುತ್ತೇವೆ.

ಕೆಲಸ ಮಾಡುತ್ತದೆ ಅನ್ನುವುದಕ್ಕೆ ಏನು ಸಾಕ್ಷಿ? ಇಂಗ್ಲೆಂಡಿನಲ್ಲಿ 12-13ನೇ ವಯಸ್ಸಿಗೆ ಲಸಿಕೆ ಸಿಕ್ಕ ಹುಡುಗಿಯರಲ್ಲಿ ಈ ಕ್ಯಾನ್ಸರ್ ಶೇ 87ರಷ್ಟು ಇಳಿದಿದೆ ಅಂತ 2021ರಲ್ಲಿ ವರದಿಯಾಯಿತು. ಸ್ಕಾಟ್ಲೆಂಡಿನಲ್ಲಿ ಅದೇ ವಯಸ್ಸಿಗೆ ಹಾಕಿಸಿಕೊಂಡವರಲ್ಲಿ ಒಂದೂ ಪ್ರಕರಣ ಸಿಕ್ಕಿಲ್ಲ ಅಂತ 2024ರಲ್ಲಿ. ಅಲ್ಲಿನದು ಅಲ್ಲಿಗಾಯಿತು, ಇಲ್ಲಿ ಜನರನ್ನು ಒಪ್ಪಿಸಲು ಸಾಧ್ಯವಾ ಅಂದರೆ ಸಿಕ್ಕಿಂ ನೋಡಿ. 2018ರಲ್ಲಿ ಆ ರಾಜ್ಯ ಶಾಲೆಯ ವಯಸ್ಸಿನ ಹುಡುಗಿಯರಿಗೆ ಲಸಿಕೆ ಕೊಟ್ಟಿತು, ನೂರರಲ್ಲಿ 95ಕ್ಕಿಂತ ಹೆಚ್ಚು ಮಕ್ಕಳಿಗೆ ತಲುಪಿತು. ಸೂಜಿಗೆ ಮುಂಚೆ ಮೇಷ್ಟ್ರುಗಳು, ಪೋಷಕರು, ಆರೋಗ್ಯ ಕಾರ್ಯಕರ್ತೆಯರು, ಪತ್ರಕರ್ತರು, ಎಲ್ಲರ ಜೊತೆ ಮಾತುಕತೆ ನಡೆದಿತ್ತು. ನಂಬಿಕೆ ಎಷ್ಟು ಬೇಗ ಕುಸಿಯುತ್ತದೆ ಅನ್ನುವುದಕ್ಕೆ ಜಪಾನ್ ಇದೆ. 2013ರಲ್ಲಿ ಅಡ್ಡ ಪರಿಣಾಮದ ಸುದ್ದಿಗಳಿಂದ ಗಲಿಬಿಲಿಯಾಗಿ ಸರ್ಕಾರ ಶಿಫಾರಸು ನಿಲ್ಲಿಸಿತು. ಶೇ 70ರಷ್ಟಿದ್ದ ಲಸಿಕೆ ಪ್ರಮಾಣ ಶೇ 1ಕ್ಕಿಂತ ಕೆಳಗೆ ಬಂತು. ಮತ್ತೆ ಶಿಫಾರಸು ಶುರುವಾಗಲು 2022 ಬರಬೇಕಾಯಿತು.

ಕೊಲಂಬಿಯಾದ ಒಂದು ಊರಿನ ಕಥೆ ನನಗೆ ಶಾಲೆಯ ಶಿಬಿರಗಳಲ್ಲಿ ತುಂಬಾ ಉಪಯೋಗಕ್ಕೆ ಬಂದಿದೆ. 2014ರಲ್ಲಿ ಅಲ್ಲಿ ಲಸಿಕೆಯ ನಂತರ ಹುಡುಗಿಯರು ತಲೆ ಸುತ್ತಿ ಬೀಳತೊಡಗಿದರು. ಒಬ್ಬರನ್ನು ನೋಡಿ ಇನ್ನೊಬ್ಬರು, ವಿಡಿಯೊ ನೋಡಿ ಮತ್ತಷ್ಟು ಮಂದಿ, ನೂರಾರು ಹುಡುಗಿಯರು ಆಸ್ಪತ್ರೆ ಸೇರಿದರು. ಲಸಿಕೆಯಲ್ಲಿ ದೋಷವಿರಲಿಲ್ಲ, ಭಯ ಒಬ್ಬರಿಂದೊಬ್ಬರಿಗೆ ಹರಡಿತ್ತು. ಹದಿಹರೆಯದ ಮಕ್ಕಳಲ್ಲಿ ಇದು ಯಾವ ಸೂಜಿಯಿಂದಲೂ ಆಗಬಹುದು. ಬೆಳಗ್ಗೆ ಏನೂ ತಿನ್ನದೆ ಬಂದು, ಬಿಸಿಲಲ್ಲಿ ಸಾಲು ನಿಂತು, ಮುಂದಿನವಳು ಅಳುವುದನ್ನು ನೋಡುತ್ತಾ ನಿಂತರೆ ಯಾರಿಗೂ ಕಣ್ಣು ಕತ್ತಲೆ ಬರುತ್ತದೆ. ಅದಕ್ಕೆ ನಮ್ಮ ಗುಂಪು ಶಾಲೆಯವರ ಹತ್ತಿರ ಕೇಳಿಕೊಳ್ಳುವುದು ಸಣ್ಣ ಸಣ್ಣ ವಿಷಯ. ತಿಂಡಿ ತಿಂದು ಬರಲು ಹೇಳಿ. ಸಾಲು ನಿಲ್ಲಿಸಬೇಡಿ, ಬೆಂಚಿನ ಮೇಲೆ ಕೂರಿಸಿ. ಸೂಜಿ ಹಾಕುವ ಜಾಗಕ್ಕೆ ಒಂದು ಪರದೆ ಕಟ್ಟಿ, ಹಳೆಯ ಸೀರೆಯಾದರೂ ಸಾಕು. ಕೂತೇ ಹಾಕಿಸಿಕೊಳ್ಳಲಿ, ಆಮೇಲೆ ಹದಿನೈದು ನಿಮಿಷ ಅಲ್ಲೇ ಕೂರಲಿ. ತೋಳು ನೋಯುತ್ತೆ, ಒಂಚೂರು ಊದಬಹುದು, ಕೆಲವರಿಗೆ ಜ್ವರ, ತಲೆನೋವು ಬರಬಹುದು ಅಂತ ಹಿಂದಿನ ದಿನವೇ ಹೇಳಿ. ಹೇಳಿದ್ದು ಆದರೆ ಯಾರೂ ಹೆದರುವುದಿಲ್ಲ, ಹೇಳದೆ ಇದ್ದದ್ದು ಆದರೆ ರಾತ್ರಿಯೊಳಗೆ ಇಡೀ ಬಡಾವಣೆಗೆ ಸುದ್ದಿ.

ಹುಡುಗಿಯರ ಪ್ರಶ್ನೆಗಳು ನನಗೆ ತುಂಬಾ ಇಷ್ಟ. ಮುಟ್ಟಾಗಿದ್ದಾಗ ಹಾಕಿಸಿಕೊಳ್ಳಬಹುದಾ? ಹಾಕಿಸಿಕೊಳ್ಳಬಹುದು. ಕಬಡ್ಡಿ ಆಡಬಹುದಾ? ಮಾರನೇ ದಿನ ತೋಳು ನೋವಿಲ್ಲದಿದ್ದರೆ ಧಾರಾಳವಾಗಿ. ಹುಡುಗರಿಗೆ ಯಾಕಿಲ್ಲ? ಇದಕ್ಕೆ ಚಪ್ಪಾಳೆ ತಟ್ಟಬೇಕು. ಈ ವೈರಸ್ ಗಂಡಸರಿಗೂ ಗಂಟಲಿನ ಕ್ಯಾನ್ಸರ್, ಗುದದ್ವಾರದ ಕ್ಯಾನ್ಸರ್ ತರಬಹುದು. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ ಲಸಿಕೆಗೆ 2022ರ ಜುಲೈನಲ್ಲಿ ಅನುಮತಿ ಸಿಕ್ಕಿತು, ಅದನ್ನು ಹುಡುಗರೂ ಹಾಕಿಸಿಕೊಳ್ಳಬಹುದು. ಲಸಿಕೆ ಎಲ್ಲರಿಗೂ ಸಾಲದೆ ಇರುವಾಗ ಅಪಾಯ ಜಾಸ್ತಿ ಇರುವ ಹುಡುಗಿಯರಿಗೆ ಮೊದಲು ಅನ್ನುವುದಷ್ಟೇ ಲೆಕ್ಕ. ಮಕ್ಕಳಿಗೂ ಇದನ್ನು ಹೇಳಬೇಕು, ಮೇಲಿನವರು ತೀರ್ಮಾನ ಮಾಡಿದ್ದಾರೆ, ತೋಳು ಚಾಚಿ ಅನ್ನುವುದು ಸರಿಯಲ್ಲ. ಅವರ ದೇಹ ಅದು.

ಅಪ್ಪಂದಿರ ಮಾತು. "ಯಜಮಾನ್ರನ್ನ ಒಂದು ಮಾತು ಕೇಳ್ಬೇಕು" ಅಂತ ಸಭೆಯ ಕೊನೆಗೆ ಎಷ್ಟು ಜನ ಹೇಳುತ್ತಾರೋ. ಮೊದಮೊದಲು ನಮ್ಮಲ್ಲಿ ಕೆಲವರಿಗೆ ಇದರಿಂದ ಬೇಜಾರಾಗುತ್ತಿತ್ತು. ಆದರೆ ಕೇಳದೆ ಹಾಕಿಸಿ ಆಮೇಲೆ ಮನೆಯಲ್ಲಿ ಜಗಳವಾದರೆ ಅನುಭವಿಸುವವರು ಅವರೇ. ಹಾಗಾಗಿ ಆರೋಗ್ಯ ಕೇಂದ್ರದ ಡಾಕ್ಟರಮ್ಮನ ಧ್ವನಿಯಲ್ಲಿ ಕನ್ನಡದಲ್ಲಿ ಒಂದು ಆಡಿಯೊ ಮಾಡಿಸಿ ಸಂಘದ ಗುಂಪಿಗೆ ಹಾಕಿದೆವು. ಗಂಡನಿಗೆ ತಾವೇ ವಿವರಿಸಬೇಕಾದ ಮುಜುಗರ ಹೆಂಗಸರಿಗೆ ತಪ್ಪಿತು, ಫೋನ್ ಒತ್ತಿ ಮುಂದೆ ಇಟ್ಟರೆ ಸಾಕು. ಅಪ್ಪಂದಿರು ಕೇಳುವುದು ಬೇರೆ ರೀತಿಯ ಪ್ರಶ್ನೆ. ಯಾವ ಕಂಪನಿದು, ಎಷ್ಟು ದುಡ್ಡು, ಫ್ರೀ ಅಂದ್ರೆ ಯಾಕೆ ಫ್ರೀ? ಕೊನೆಯದಕ್ಕೆ ಉತ್ತರ ಸುಲಭ. ಖಾಸಗಿಯಾಗಿ ಹಾಕಿಸಿದರೆ ಸಾವಿರಗಳ ಲೆಕ್ಕ. ಒಂಬತ್ತು ಬಗೆಯ ವೈರಸ್ ತಡೆಯುವ ವಿದೇಶಿ ಲಸಿಕೆಗೆ ಒಂದು ಡೋಸಿಗೇ ಹತ್ತಿರ ಹತ್ತಿರ 10 ಸಾವಿರ ರೂಪಾಯಿ. ದುಡ್ಡಿರುವ ಬಡಾವಣೆಗಳಲ್ಲಿ ಮಕ್ಕಳ ಡಾಕ್ಟರ್ ಹೇಳಿದರೆ ಪ್ರಶ್ನೆಯಿಲ್ಲದೆ ಹಾಕಿಸುತ್ತಾರೆ. ಅಂಥ ರಕ್ಷಣೆ ನಿಮ್ಮ ಮಗಳಿಗೂ ಸಿಗಲಿ ಅಂತ ಫ್ರೀ ಅಂದಾಗ ತುಂಬಾ ಅಪ್ಪಂದಿರು ಸುಮ್ಮನಾಗುತ್ತಾರೆ, ಯೋಚನೆ ಮಾಡುತ್ತಾರೆ.

ಹೆದರಿಸಿ ಹಾಕಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. 2024ರ ಫೆಬ್ರವರಿಯಲ್ಲಿ ಒಬ್ಬ ನಟಿ ಈ ಕ್ಯಾನ್ಸರ್‌ನಿಂದ ಸತ್ತರು ಅಂತ ಸುದ್ದಿ ಹಬ್ಬಿತು, ಮಾರನೇ ದಿನ ಅವರೇ ಬಂದು ಜಾಗೃತಿಗಾಗಿ ಹೀಗೆ ಮಾಡಿದೆವು ಅಂದರು. ನಮ್ಮ ಸಂಘದ ಹೆಂಗಸರು ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ, ಹಾಗಾದ್ರೆ ಈ ಕ್ಯಾನ್ಸರ್ ಕೂಡ ಸುಳ್ಳಾ? ಅದನ್ನು ಸರಿಮಾಡಲು ನಮಗೆ ಬಹಳ ಸಮಯ ಹಿಡಿಯಿತು. ನಿಜವಾಗಿ ಕಾಯಿಲೆ ಅನುಭವಿಸಿದವರು ನಮ್ಮ ನಡುವೆಯೇ ಇರುವಾಗ ನಾಟಕ ಯಾಕೆ ಬೇಕು?

ಅಂಥ ಒಬ್ಬರು ನಮ್ಮ ಸಭೆಗಳಿಗೆ ಬರುತ್ತಾರೆ. ಕಿದ್ವಾಯಿಯಲ್ಲಿ ಚಿಕಿತ್ಸೆ ಪಡೆದು ಗುಣವಾದವರು. ತಮ್ಮ ಕಥೆಯನ್ನು ತಾವೇ ಹೇಳುತ್ತೇನೆ ಅಂತ ಮುಂದೆ ಬಂದವರು. "ಮುಟ್ಟು ನಿಂತು ಎಷ್ಟೋ ವರ್ಷ ಆಗಿತ್ತು, ಮತ್ತೆ ರಕ್ತ ಕಾಣಿಸ್ತು. ಉಷ್ಣ ಅಂದ್ಕೊಂಡೆ. ಮೆಂತ್ಯ ನೆನೆಸಿ ಕುಡಿದೆ, ಎಳನೀರು ಕುಡಿದೆ. ಸೊಸೆಗೆ ಹೇಳೋಕೂ ನಾಚಿಕೆ." ಇಷ್ಟು ಹೇಳುವಷ್ಟರಲ್ಲಿ ಅಲ್ಲಿ ಕೂತ ಒಬ್ಬಿಬ್ಬರ ಮುಖ ಬದಲಾಗುತ್ತದೆ. ಸಭೆ ಮುಗಿದ ಮೇಲೆ ಅವರು ಹಿಂದೆಯೇ ಉಳಿಯುತ್ತಾರೆ. ಅಕ್ಕ, ನನಗೂ ಬಿಳಿ ಮುಟ್ಟು ಜಾಸ್ತಿ ಹೋಗ್ತಿದೆ, ವಾಸನೆ ಬರುತ್ತೆ. ಗಂಡನ ಜೊತೆ ಸೇರಿದಾಗ ರಕ್ತ ಬರುತ್ತೆ.

ಮಗಳ ಲಸಿಕೆಯ ಮಾತು ಹೀಗೆ ಅಮ್ಮನ ತಪಾಸಣೆಗೆ ದಾರಿ ಮಾಡುತ್ತದೆ. ಇದನ್ನು ನಾವು ಮೊದಲು ಯೋಚಿಸಿರಲಿಲ್ಲ, ಹೆಂಗಸರೇ ದಾರಿ ತೋರಿಸಿದರು. 30 ದಾಟಿದ ಹೆಂಗಸರಿಗೆ ಸರ್ಕಾರಿ ವ್ಯವಸ್ಥೆಯಲ್ಲಿ ಗರ್ಭಕೋಶದ ಬಾಯಿಯ ತಪಾಸಣೆ ಇದೆ. ವಿನೆಗರ್‌ನಲ್ಲಿರುವಂಥ ತಿಳಿ ಆಮ್ಲವನ್ನು ಹಚ್ಚಿ ನೋಡುತ್ತಾರೆ, ತೊಂದರೆ ಇರುವ ಜಾಗ ಬೆಳ್ಳಗಾಗುತ್ತದೆ. ಕೆಲವೇ ನಿಮಿಷದ ಕೆಲಸ. ಮುಂಬೈನ ಟಾಟಾ ಆಸ್ಪತ್ರೆಯವರು ಕೊಳೆಗೇರಿಗಳ ಸುಮಾರು 75 ಸಾವಿರ ಹೆಂಗಸರ ನಡುವೆ ಇದನ್ನು ಮಾಡಿ ಈ ಕ್ಯಾನ್ಸರಿನ ಸಾವನ್ನು ಶೇ 31ರಷ್ಟು ಇಳಿಸಿದ್ದರು. ಲಸಿಕೆ ಹಾಕಿಸಿಕೊಂಡ ಹುಡುಗಿಯೂ ಮುಂದೆ ಆ ವಯಸ್ಸಿಗೆ ತಪಾಸಣೆ ಮಾಡಿಸಲೇಬೇಕು, ಯಾಕೆಂದರೆ ಲಸಿಕೆ ಎಲ್ಲ ಬಗೆಯ ವೈರಸ್ಸನ್ನೂ ತಡೆಯುವುದಿಲ್ಲ. ಅಮ್ಮ ಒಮ್ಮೆ ಮಾಡಿಸಿಕೊಂಡು ಬಂದರೆ ಮಗಳಿಗೆ ಆಗ ಹೇಳಿಕೊಡಬೇಕಾದ್ದು ಹೆಚ್ಚೇನೂ ಇರುವುದಿಲ್ಲ.

ಈಗ ನನ್ನನ್ನು ಕಾಡುತ್ತಿರುವುದು ಶಾಲೆಗೂ ಬಾರದ, ಸಂಘದಲ್ಲೂ ಇಲ್ಲದ ಹುಡುಗಿಯರು. ಹೊರವಲಯದಲ್ಲಿ ಅಪಾರ್ಟ್‌ಮೆಂಟ್ ಏಳುವ ಕಡೆಯೆಲ್ಲ ತಗಡಿನ ಶೆಡ್ಡುಗಳು. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದ ಮನೆಮಂದಿ. ಹನ್ನೆರಡು ಹದಿಮೂರರ ಹುಡುಗಿ ತಮ್ಮನನ್ನು ನೋಡಿಕೊಂಡು ಶೆಡ್ಡಿನಲ್ಲೇ ಇರುತ್ತಾಳೆ. ಅವಳ ಹೆಸರು ಇಲ್ಲಿನ ಯಾವ ಶಾಲೆಯ ಹಾಜರಿಯಲ್ಲೂ ಇಲ್ಲ. ಈ ಮನೆಗಳಲ್ಲಿ ಹುಡುಗಿಯರಿಗೆ ಬೇಗ ಮದುವೆ, ಆಮೇಲೆ ತಪಾಸಣೆಗೆ ಹೋಗುವ ದಾರಿಯೂ ಕಾಣದು. ಲಸಿಕೆ ಎಲ್ಲರಿಗಿಂತ ಮೊದಲು ಬೇಕಾದವರು ಇವರೇ, ಶಾಲೆಯನ್ನೇ ನೆಚ್ಚಿಕೊಂಡ ಅಭಿಯಾನದಲ್ಲಿ ಬಿಟ್ಟುಹೋಗುವವರೂ ಇವರೇ. ಆರು ತಿಂಗಳಲ್ಲಿ ಸೈಟ್ ಬದಲಾಗುತ್ತದೆ, ಎರಡನೇ ಡೋಸಿಗೆ ಎಲ್ಲಿ ಹುಡುಕುವುದು ಅಂತ ಆಶಾ ಅಕ್ಕ ಕೇಳುತ್ತಿದ್ದರು. ಒಂದೇ ಡೋಸ್ ಸಾಕು ಅನ್ನುವುದು ಇಂಥ ಹುಡುಗಿಯರ ಮಟ್ಟಿಗೆ ಸಣ್ಣ ವಿಷಯವೇ ಅಲ್ಲ.

ಒಂದು ಶೆಡ್ ಕಾಲೊನಿಗೆ ಹೋಗಿ ಮಾತಾಡಿ ಬಂದಿದ್ದೇವೆ. ಶನಿವಾರ ಬಟವಾಡೆ, ಭಾನುವಾರ ಸಂತೆ, ಹಾಗಾಗಿ ಭಾನುವಾರ ಸಂಜೆ ಏಳರ ಮೇಲೆ ಬನ್ನಿ, ಅಷ್ಟೊತ್ತಿಗೆ ರೊಟ್ಟಿ ಬಡಿದು ಮುಗಿದಿರುತ್ತೆ ಅಂತ ಅಲ್ಲಿನ ಹೆಂಗಸರೇ ಸಮಯ ಹೇಳಿದ್ದಾರೆ. ನಮ್ಮ ಬೆಂಗಳೂರಿನ ಮಾತು ಅವರಿಗೆ ಸ್ವಲ್ಪ ದೂರ. ಕಲಬುರಗಿ ಕಡೆಯ ಒಬ್ಬ ನರ್ಸ್ ಮುಂದಿನ ಸಲ ನಮ್ಮ ಜೊತೆ ಬರಲು ಒಪ್ಪಿದ್ದಾರೆ, ಮಾತೆಲ್ಲ ಅವರೇ ಆಡುತ್ತಾರೆ.